ಫೈರ್ ಸ್ಟೇಷನ್‌ಗೆ ಬೇರೆ ಹುಂಡಿ ಇಡಿ, ಬೇಡ ಅನ್ನಲ್ಲ, ಹಳೇ ಹುಂಡಿ ಬಿಚ್ಚಿ ತೋರ್ಸಿ ಮೊದ್ಲು

ವಾಷಿಂಗ್ಟನ್ ಸ್ಟೇಟ್‌ನಲ್ಲಿರೋ ನಮ್ ಕನ್ನಡದ ಜನಕ್ಕೆ ಈ ಪೋಸ್ಟು. ಊರಲ್ಲಿರೋರೂ ಓದ್ಬಹುದು, ಫೈರ್ ಇಂಜಿನ್‌ಗೂ ವೋಟ್ ಹಾಕ್ತಾರಾ ಅಂತ ನಗೋಕಾದ್ರೂ. ಹಾಕ್ತೀವಿ ಮಾರಾಯ್ರೆ. ಪೋಸ್ಟಲ್ಲಿ ಬ್ಯಾಲೆಟ್ ಬರುತ್ತೆ, ಸಣ್ಣ ಗೋಲ ತುಂಬಿ ಕವರ್ ಮೇಲೆ ಸೈನ್ ಮಾಡಿ ಡ್ರಾಪ್ ಬಾಕ್ಸ್‌ಗೆ ಹಾಕೋದು, ಸ್ಟ್ಯಾಂಪೂ ಬೇಡ. ಪ್ರೆಸಿಡೆಂಟ್ ಎಲೆಕ್ಷನ್ ಅಂದ್ರೆ ರಾತ್ರಿಯೆಲ್ಲಾ ವಾಟ್ಸಾಪಲ್ಲಿ ಕಿತ್ತಾಡೋರು ಏಪ್ರಿಲ್‌ನಲ್ಲಿ ಬರೋ ಒಂದೇ ಪ್ರಶ್ನೆಯ ಬ್ಯಾಲೆಟ್ಟನ್ನ ಪಿಜ್ಜಾ ಕೂಪನ್ ಜೊತೆ ರಿಸೈಕಲ್ ಡಬ್ಬಕ್ಕೆ ಹಾಕ್ತೀರ, ಆ ಒಂದೇ ಪ್ರಶ್ನೆಯಲ್ಲೇ ನಿಮ್ಮ ಮನೆ ಟ್ಯಾಕ್ಸು, ನಿಮ್ಮ ಆಂಬುಲೆನ್ಸು ಎರಡೂ ಇರುತ್ತೆ.

ಪ್ರಶ್ನೆ ಏನಪ್ಪಾ ಅಂದ್ರೆ, ಫೈರು ಮತ್ತು ಆಂಬುಲೆನ್ಸನ್ನ ಸಿಟಿ ಕೈಯಿಂದ ತೆಗೆದು ಸ್ವತಂತ್ರ ಡಿಸ್ಟ್ರಿಕ್ಟ್ ಮಾಡೋಣ್ವಾ? ಡಿಸ್ಟ್ರಿಕ್ಟ್ ಅಂದ್ರೆ ನಮ್ ಕಡೆ ಜಿಲ್ಲೆ ಅಲ್ಲ, ಈ ಒಂದು ಸೇವೆಗೇ ಬೇರೆ ಆಡಳಿತ ಮಂಡಳಿ, ಬೇರೆ ಬಜೆಟ್ಟು, ಬೇರೆ ಟ್ಯಾಕ್ಸು. ಇಲ್ಲಿ ಹಳ್ಳಿ ಕಡೆ ಫೈರ್ ಪ್ರೊಟೆಕ್ಷನ್ ಡಿಸ್ಟ್ರಿಕ್ಟ್ ಅನ್ನೋದು ಹಿಂದಿನಿಂದ್ಲೂ ಇದೆ, ಮೂರೋ ಐದೋ ಜನ ಕಮಿಷನರ್‌ಗಳನ್ನ ಆರು ವರ್ಷಕ್ಕೆ ಆರಿಸ್ತಾರೆ, ಎಷ್ಟೋ ಸಲ ಒಬ್ರೇ ನಿಂತಿರ್ತಾರೆ, ಎದುರಾಳೀನೇ ಇರಲ್ಲ. ಸಿಟಿಗಳೂ ಡಿಸ್ಟ್ರಿಕ್ಟ್‌ಗಳೂ ಸೇರ್ಕೊಂಡು ರೀಜನಲ್ ಫೈರ್ ಅಥಾರಿಟಿ ಅಂತ ಮಾಡ್ಕೊಬಹುದು ಅಂತ ಕಾನೂನು ಬಂದಿದ್ದು 2004ರಲ್ಲಿ. ಕೆಂಟ್ 2010ರಲ್ಲಿ ಮಾಡ್ಕೊಳ್ತು, ರೆಂಟನ್ 2016ರಲ್ಲಿ. ನಮ್ಮೋರು ಎಷ್ಟೊಂದು ಜನ ಈ ಊರುಗಳಲ್ಲಿ ಮನೆ ತಗೊಂಡಿದೀರ, ಟ್ಯಾಕ್ಸ್ ಸ್ಟೇಟ್‌ಮೆಂಟಲ್ಲಿ ಫೈರ್ ಅಥಾರಿಟಿ ಅನ್ನೋ ಸಾಲು ಯಾಕಿದೆ ಅಂತ ಯಾವತ್ತಾದ್ರೂ ನೋಡಿದೀರಾ?

ಬೇರೆ ಮಾಡ್ಬೇಕು ಅನ್ನೋರ ವಾದದಲ್ಲಿ ಹುರುಳಿದೆ, ಅದನ್ನ ಮೊದ್ಲು ಹೇಳ್ತೀನಿ. ಇಲ್ಲಿ ಸಿಟಿ ತನ್ನ ಆಸ್ತಿ ತೆರಿಗೆ ವಸೂಲಿನ ವರ್ಷಕ್ಕೆ ಶೇಕಡಾ 1ರಷ್ಟು ಮಾತ್ರ ಏರಿಸ್ಬಹುದು, ಹೊಸ ಕಟ್ಟಡಗಳ ತೆರಿಗೆ ಅದಕ್ಕೆ ಹೊರಗೆ, ಇನ್ನೂ ಬೇಕಂದ್ರೆ ಜನರ ವೋಟು ಕೇಳ್ಬೇಕು. 2022ರಲ್ಲಿ ಬೆಲೆ ಏರಿಕೆ ಶೇಕಡಾ 8 ಇತ್ತು. ಸಂಬಳ, ಡೀಸೆಲ್, ಫೈರ್ ಇಂಜಿನ್ ರೇಟು ಎಲ್ಲಾ ಏರಿದ್ರೂ ಬರೋ ದುಡ್ಡು ಮಾತ್ರ ಹೆಚ್ಚೂ ಕಮ್ಮಿ ಅಲ್ಲೇ. ಆಗ ಸಿಟಿ ಕೌನ್ಸಿಲಲ್ಲಿ ಪಾರ್ಕು, ಲೈಬ್ರರಿ, ಪೊಲೀಸು, ಫೈರು ಎಲ್ಲಾ ಒಂದೇ ತಟ್ಟೆಗೆ ಕೈ ಹಾಕ್ತಾವೆ. ಫೈರ್‌ನೋರಿಗೆ ತಮ್ಮದೇ ಹುಂಡಿ ಇದ್ರೆ ಈ ಜಗಳ ಇರಲ್ಲ ಅನ್ನೋದು ಸರೀನೇ.

ಇನ್ನೊಂದು ವಿಷ್ಯ ನಮ್ಮೋರಿಗೆ ತಲೆಗೇ ಹೋಗಲ್ಲ. ಊರಿಂದ ಬಂದ ಅಪ್ಪನಿಗೋ ಅಮ್ಮನಿಗೋ ಎದೆನೋವು ಅಂತ 911ಗೆ ಫೋನ್ ಮಾಡಿದ್ರೆ ಮೊದ್ಲು ಬರೋದು ಕೆಂಪು ಫೈರ್ ಇಂಜಿನ್ನು, ಆ ವಯಸ್ಸಾದೋರು ಗಾಬರಿ ಬಿದ್ದು ಎಲ್ಲಿ ಬೆಂಕಿ ಬಿತ್ತು ಅಂತ ಕಿಟಕಿ ಹತ್ರ ಹೋಗಿ ನೋಡ್ತಾರೆ. ಆ ಇಂಜಿನಲ್ಲಿ ಬರೋರೆಲ್ಲಾ ತುರ್ತು ಚಿಕಿತ್ಸೆ ಟ್ರೈನಿಂಗ್ ಆದೋರೇ, ಹತ್ತಿರದ ಸ್ಟೇಷನ್ನಿಂದ ಬೇಗ ತಲುಪ್ತಾರೆ ಅಂತ ಅವ್ರನ್ನ ಕಳ್ಸೋದು, ಪ್ಯಾರಾಮೆಡಿಕ್ ಗಾಡಿ ಹಿಂದೇನೇ ಬರುತ್ತೆ. ದೇಶದ ಲೆಕ್ಕ ತಗೊಂಡ್ರೆ ಫೈರ್ ಇಲಾಖೆಗಳಿಗೆ ಬರೋ ಕರೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ ಮೆಡಿಕಲ್ಲು, ನಿಜವಾದ ಬೆಂಕಿ ನೂರಕ್ಕೆ ನಾಲ್ಕರ ಹತ್ರ. ಹೆಸರು ಫೈರು, ಕೆಲ್ಸ ಆಂಬುಲೆನ್ಸಿಂದು. ಸಿಯಾಟಲ್‌ನಲ್ಲಿ ಈ ಪದ್ಧತಿ ಶುರುವಾಗಿದ್ದು 1970ರಲ್ಲಿ, ಲೆನರ್ಡ್ ಕಾಬ್ ಅನ್ನೋ ಹೃದಯದ ಡಾಕ್ಟ್ರು ಮತ್ತು ಫೈರ್ ಚೀಫ್ ಗಾರ್ಡನ್ ವಿಕರಿ ಸೇರಿ ಮೆಡಿಕ್ ಒನ್ ಅನ್ನೋ ತುರ್ತು ಚಿಕಿತ್ಸೆ ಸೇವೆ ಮಾಡಿದ್ರು. ಮೊದಲ್ನೇ ಗಾಡಿ ಒಂದು ದೊಡ್ಡ ಮೋಟರ್ ಹೋಮು, ಅದಕ್ಕೆ ಮೋಬಿ ಪಿಗ್ ಅಂತ ಅಡ್ಡಹೆಸ್ರು ಬೇರೆ. ಬೀದಿಯಲ್ಲಿ ಹೃದಯ ನಿಂತೋರನ್ನ ಉಳಿಸೋದ್ರಲ್ಲಿ ಈ ಊರಿಗೆ ಲೋಕದಲ್ಲೆಲ್ಲಾ ಹೆಸ್ರಿದೆ. ಸಿಯಾಟಲ್ ಇರೋ ಕಿಂಗ್ ಕೌಂಟಿಯಲ್ಲಿ ಇದಕ್ಕೆ ದುಡ್ಡು ಬರೋದು ಜನ ವೋಟ್ ಹಾಕಿ ಒಪ್ಪಿದ ಲೆವಿಯಿಂದ, ಅಂದ್ರೆ ಇದಕ್ಕೇ ಅಂತ ಹಾಕೋ ಆಸ್ತಿ ತೆರಿಗೆಯಿಂದ, 2025ರ ನವೆಂಬರ್‌ನಲ್ಲಿ ಮತ್ತೆ ಒಪ್ಪಿದ್ರು, ಸಾವಿರ ಡಾಲರ್ ಆಸ್ತಿಗೆ 25 ಸೆಂಟ್ ಲೆಕ್ಕ. ಎಂಟು ಲಕ್ಷದ ಮನೆಗೆ ವರ್ಷಕ್ಕೆ 200 ಡಾಲರ್. ಕಣ್ಣು ಮುಚ್ಕೊಂಡು ಕೊಡ್ತೀನಿ ನಾನು.

ಹಂಗಾದ್ರೆ ತಕರಾರು ಏನು? ಒಲಿಂಪಿಯಾ ಕಥೆ ಕೇಳಿ.

ಸ್ಟೇಟ್ ರಾಜಧಾನಿ ಒಲಿಂಪಿಯಾ, ಪಕ್ಕದ ಟಮ್‌ವಾಟರ್, ಎರಡೂ ಸಿಟಿ ಸೇರಿ ಒಂದು ಫೈರ್ ಅಥಾರಿಟಿ ಮಾಡ್ಬೇಕು ಅಂತ 2023ರ ಏಪ್ರಿಲ್ 25ಕ್ಕೆ ವೋಟಿಗಿಟ್ರು. ಬರೀ ಆಸ್ತಿ ತೆರಿಗೆ ಅಲ್ಲ, ಅದ್ರ ಮೇಲೆ ಫೈರ್ ಬೆನಿಫಿಟ್ ಚಾರ್ಜ್ ಅಂತ ಇನ್ನೊಂದು. ಇದನ್ನ ಸೇರಿಸಿದ್ರೆ ಶೇಕಡಾ 60 ಜನ ಹೂಂ ಅನ್ಬೇಕು, ಕಾನೂನೇ ಹಂಗಿದೆ. ಅರವತ್ತು ಬಿಡಿ, ಅರ್ಧ ಕೂಡ ಬರ್ಲಿಲ್ಲ. ಒಲಿಂಪಿಯಾ ಜನ ಟ್ಯಾಕ್ಸ್ ಅಂದ್ರೆ ಓಡಿಹೋಗೋರಲ್ಲ, ಫೈರ್‌ನೋರ ಮೇಲೆ ಅವ್ರಿಗೇನೂ ಸಿಟ್ಟಿರಲಿಲ್ಲ. ಲೆಕ್ಕ ನೋಡಿ ಬೇಡ ಅಂದ್ರು ಅಂತ ನನ್ನ ಅನಿಸಿಕೆ.

ಆ ಚಾರ್ಜಿನ ಲೆಕ್ಕ ಮಜಾ ಇದೆ, ಇಂಜಿನಿಯರ್‌ಗಳಿಗೆ ಇಷ್ಟ ಆಗುತ್ತೆ. ಈ ಸ್ಟೇಟ್‌ನಲ್ಲಿ ಸಾಮಾನ್ಯವಾಗಿ ಬಳಸೋ ಸೂತ್ರ ನಿಮ್ಮ ಕಟ್ಟಡದ ಚದರ ಅಡಿಯ ವರ್ಗಮೂಲ ತಗೊಂಡು 18ರಿಂದ ಗುಣಿಸೋದ್ರಿಂದ ಶುರುವಾಗುತ್ತೆ. ಇಂಥ ಕಟ್ಟಡದ ಬೆಂಕಿ ಆರಿಸೋಕೆ ನಿಮಿಷಕ್ಕೆ ಎಷ್ಟು ಗ್ಯಾಲನ್ ನೀರು ಬೇಕು ಅನ್ನೋ ಇನ್ಶೂರೆನ್ಸ್‌ನೋರ ಹಳೇ ಲೆಕ್ಕ ಅದು. ಆಮೇಲೆ ಕಟ್ಟಡದ ವರ್ಗ, ರಿಯಾಯ್ತಿ ಅಂತ ಗುಣಕಗಳು. ವರ್ಗಮೂಲ ಅಂದ್ಮೇಲೆ ಏನಾಗುತ್ತೆ ನೋಡಿ, ಒಂದೇ ವರ್ಗದಲ್ಲಿ 1,000 ಚದರ ಅಡಿ ಮನೆಗಿಂತ 4,000 ಚದರ ಅಡಿ ಮನೆ ನಾಲ್ಕು ಪಟ್ಟು ದೊಡ್ಡದು, ಆದ್ರೆ ಚಾರ್ಜ್ ಬರೀ ಎರಡು ಪಟ್ಟು. ನೀರಿನ ಲೆಕ್ಕಕ್ಕೆ ಅದು ಸರಿ ಇರ್ಬಹುದು, ಆದ್ರೆ ಹೆಚ್ಚಿನ ಕರೆಗಳು ಎದೆನೋವು, ಬಿದ್ದು ಸೊಂಟ ಮುರ್ಕೊಂಡಿದ್ದು ಅಂತ ಇರ್ಬೇಕಾದ್ರೆ ನೀರಿನ ಲೆಕ್ಕದಲ್ಲಿ ಯಾಕೆ ದುಡ್ಡು ಕೇಳ್ತೀರ ಅಂತ ಚಿಕ್ಕ ಮನೆ ಇಟ್ಕೊಂಡಿರೋ ರಿಟೈರ್ಡ್ ಅಜ್ಜಿ ಕೇಳಿದ್ರೆ ತಪ್ಪೇನಿದೆ?

ಅದಕ್ಕಿಂತ ದೊಡ್ಡ ಪ್ರಶ್ನೆ ಸಿಟಿ ಕಡೆದು. ಫೈರ್ ಖರ್ಚು ಸಿಟಿ ಬಜೆಟ್ಟಿಂದ ಹೊರಗೆ ಹೋಯ್ತು ಅಂದ್ರೆ ಅಲ್ಲಿ ಜಾಗ ಖಾಲಿ ಆಯ್ತಲ್ಲ, ಆ ದುಡ್ಡು ನಮಗೆ ವಾಪಸ್ ಬರುತ್ತಾ ಅಥ್ವಾ ಸಿಟಿ ಬೇರೆದಕ್ಕೆ ಇಟ್ಕೊಳ್ಳುತ್ತಾ? ಕಾನೂನು ಸಿಟಿಯ ಟ್ಯಾಕ್ಸ್ ದರದ ಮಿತಿಯನ್ನ ಇಳಿಸುತ್ತೆ ನಿಜ, ಆದ್ರೆ ಮಿತಿ ಇಳಿಯೋದು ಬೇರೆ, ನಾವು ಕಟ್ಟೋ ಬಿಲ್ ಇಳಿಯೋದು ಬೇರೆ. ಎಡ್ಮಂಡ್ಸ್ ಅನ್ನೋ ಸಿಟಿ ನೋಡಿ. 2010ರಿಂದ ಕಾಂಟ್ರಾಕ್ಟ್ ಮೇಲೆ ಪಕ್ಕದ ಡಿಸ್ಟ್ರಿಕ್ಟಿಂದ ಫೈರ್ ಸೇವೆ ತಗೋತಿತ್ತು, 2025ರ ಏಪ್ರಿಲ್‌ನಲ್ಲಿ ಜನ ವೋಟ್ ಹಾಕಿ ಸೌತ್ ಕೌಂಟಿ ಫೈರ್ ಅನ್ನೋ ರೀಜನಲ್ ಅಥಾರಿಟಿಗೇ ಸೇರ್ಕೊಂಡ್ರು. ಅದೇ ವರ್ಷ ನವೆಂಬರ್‌ನಲ್ಲಿ ಸಿಟಿ ತನ್ನ ಆಸ್ತಿ ತೆರಿಗೆ ಏರಿಸ್ತೀನಿ ಅಂತ ಮತ್ತೆ ಅದೇ ಜನರ ಮುಂದೆ ಬಂತು. ಜನ ಆಗಲ್ಲ ಹೋಗಿ ಅಂದ್ರು. ಸಿಟಿಗೆ ಅದರದೇ ಕಷ್ಟ ಇರ್ಬಹುದು, ಶೇಕಡಾ 1ರ ಮಿತಿ ಅವ್ರಿಗೂ ಇದೆ, ಆದ್ರೆ ಒಂದೇ ವರ್ಷದಲ್ಲಿ ಎರಡು ಸಲ ಜೇಬಿಗೆ ಕೈ ಹಾಕಿದ್ರೆ ಯಾರಿಗಾದ್ರೂ ಉರಿಯುತ್ತೆ.

ಊರಲ್ಲಿ ಈ ತಲೆನೋವೇ ಇಲ್ಲ ಅಂತೀರೇನೋ. ಅಲ್ಲಿ ಅಗ್ನಿಶಾಮಕ ದಳ ರಾಜ್ಯ ಸರ್ಕಾರದ ಇಲಾಖೆ, 108 ಬಂದಿದ್ದೂ 2008ರಲ್ಲಿ ಸರ್ಕಾರದ ಯೋಜನೆಯಾಗಿ, ನಮ್ಮನ್ನ ಯಾರೂ ಕೇಳ್ಲಿಲ್ಲ. ನಮ್ ಹಳ್ಳಿಯಲ್ಲಿ ಬಣವೆಗೆ ಬೆಂಕಿ ಬಿದ್ರೆ ತಾಲೂಕಿಂದ ಗಾಡಿ ಬರೋಷ್ಟರಲ್ಲಿ ಬೂದಿ ತಣ್ಣಗಾಗಿರ್ತಿತ್ತು, ಸ್ಟೇಷನ್ ಯಾಕಷ್ಟು ದೂರ ಅಂತ ಕೇಳೋಕೆ ಒಂದು ಮೀಟಿಂಗೂ ಇರ್ಲಿಲ್ಲ, ಅರ್ಜಿ ಕೊಟ್ಟು ಎಮ್ಮೆಲ್ಲೆ ಮನೆ ಮುಂದೆ ನಿಲ್ಬೇಕಿತ್ತು. ಇಲ್ಲಿ ಕೇಳೋಕೆ ಜಾಗ ಇದೆ, ನಾವೇ ಹೋಗಲ್ಲ.

ಎಚ್ ಒನ್, ಗ್ರೀನ್ ಕಾರ್ಡ್ ಗೆಳೆಯರೇ, ನಿಮ್ಗೆ ವೋಟಿಲ್ಲ ಗೊತ್ತು, ಟ್ಯಾಕ್ಸ್ ಮಾತ್ರ ಪೂರ್ತಿ ಇದೆ ಅನ್ನೋ ಸಂಕಟಾನೂ ಗೊತ್ತು. ಆದ್ರೆ ಪಬ್ಲಿಕ್ ಹಿಯರಿಂಗಲ್ಲಿ ಮಾತಾಡೋಕೆ ಯಾರೂ ಪಾಸ್‌ಪೋರ್ಟ್ ಕೇಳಲ್ಲ. ಮೈಕ್ ಮುಂದೆ ಎರಡು ಮೂರು ನಿಮಿಷ ಕೊಡ್ತಾರೆ, ಖುರ್ಚಿಗಳು ಮುಕ್ಕಾಲು ಖಾಲಿ ಇರ್ತಾವೆ, ಅಲ್ಲಿ ಒಂದು ಸರಿಯಾದ ಪ್ರಶ್ನೆ ಹತ್ತು ವೋಟಿಗೆ ಸಮ.

ನನ್ನ ನಿಲುವು ಕೇಳಿದ್ರೆ ಇಷ್ಟೇ, ಇಲ್ಲಿ ನಮ್ಮ ಸಿಟಿಗೂ ಈ ಪ್ರಶ್ನೆ ಬಂದ್ರೆ ಫೈರ್ ಡಿಸ್ಟ್ರಿಕ್ಟ್‌ಗೆ ಹೂಂ ಅನ್ನೋಕೆ ರೆಡಿ ಇದೀನಿ. ವೋಟಿಗೆ ಮೊದ್ಲು ಸಿಟಿ ಕೌನ್ಸಿಲ್ ಒಂದು ರೆಸಲ್ಯೂಷನ್ ಪಾಸ್ ಮಾಡ್ಲಿ, ಈಗ ಫೈರ್‌ಗೆ ಖರ್ಚು ಮಾಡ್ತಿರೋದು ಇಷ್ಟು, ನಮ್ಮ ವಸೂಲಿ ಇಳ್ಸೋದು ಇಷ್ಟು, ಉಳಿದಿದ್ದು ಇಂಥ ಕಡೆ ಹೋಗುತ್ತೆ ಅಂತ ಡಾಲರ್ ಲೆಕ್ಕದಲ್ಲಿ. ಅದು ವೋಟರ್‌ಗಳಿಗೆ ಕಳ್ಸೋ ಪ್ಯಾಂಫ್ಲೆಟ್ಟಲ್ಲಿ ಕಾಣ್ಲಿಲ್ಲ ಅಂದ್ರೆ ನಂದು ನೋ. ನೀವು ಎಸ್ ಹಾಕೋರಾದ್ರೆ ಯಾಕೆ ಅಂತ ಕಾಮೆಂಟಲ್ಲಿ ಬರೀರಿ, ಜಗಳ ಆಡೋಣ, ಆದ್ರೆ ದಯವಿಟ್ಟು ಫೈರ್‌ನೋರು ಹೀರೋಗಳು ಅನ್ನೋ ಒಂದೇ ಸಾಲು ಬರೀಬೇಡಿ, ಅದಕ್ಕೆ ಯಾರ ತಕರಾರೂ ಇಲ್ಲ.