ಸೊಕೊಲಾಫ್‌ಗೆ ಸಿಕ್ಕ ಸಮಯ ನಮ್ಮ ಹುಡುಗರಿಗೂ ಸಿಗಲಿ

ಪೆಟ್ ಸ್ಕ್ಯಾನ್ ಅಂದ್ರೆ ಕ್ಯಾನ್ಸರ್ ರೋಗಿಗಳಿರೋ ಮನೆಗಳಲ್ಲಿ ಈಗ ಎಲ್ಲರಿಗೂ ಗೊತ್ತು. ಖಾಲಿ ಹೊಟ್ಟೆಯಲ್ಲಿ ಬರೋಕೆ ಹೇಳ್ತಾರೆ, ಬೆರಳು ಚುಚ್ಚಿ ಶುಗರ್ ನೋಡ್ತಾರೆ, ಒಂದು ಇಂಜೆಕ್ಷನ್ ಕೊಟ್ಟು ಸುಮಾರು ಒಂದು ಗಂಟೆ ಮಾತಾಡದೆ ಅಲ್ಲಾಡದೆ ಮಲಗಿರಿ ಅಂತಾರೆ. ಆ ಇಂಜೆಕ್ಷನ್‌ನಲ್ಲಿರೋದು ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆ. ಆಮೇಲೆ ಬರೋ ಚಿತ್ರದಲ್ಲಿ ಗಡ್ಡೆ ಎಲ್ಲೇ ಇರಲಿ, ಮಿದುಳು ಮಾತ್ರ ಗಾಢವಾಗಿ ಎದ್ದು ಕಾಣುತ್ತೆ. ಸುಮ್ಮನೆ ಮಲಗಿದ್ದಾಗಲೂ ಅದು ಸಕ್ಕರೆ ಸುಡ್ತಾನೇ ಇರುತ್ತೆ.

ಈ ಪರೀಕ್ಷೆ ಹುಟ್ಟಿದ್ದು ಕ್ಯಾನ್ಸರ್ ವಿಭಾಗದಲ್ಲಲ್ಲ. ಮಿದುಳಿಗೆ ಎಷ್ಟು ಶಕ್ತಿ ಬೇಕು ಅನ್ನೋ ಪ್ರಶ್ನೆಯ ಬೆನ್ನು ಹತ್ತಿದ ಸೇಮೂರ್ ಕೆಟಿ ಮತ್ತು ಲೂಯಿಸ್ ಸೊಕೊಲಾಫ್ ಅನ್ನೋ ಇಬ್ಬರ ಕೆಲಸದಿಂದ ಇದು ಬಂತು. ನಾನು ಬಯೋಕೆಮಿಸ್ಟ್ರಿ ಪಾಠ ಮಾಡೋನು. ಎಂ.ಎಸ್ಸಿ. ಮುಗಿಸೋ ಮಕ್ಕಳು ಬಂದು, "ಸರ್, ಬ್ರೇನ್ ಮೆಟಬಾಲಿಸಂ ಮೇಲೆ, ಅಂದ್ರೆ ಮಿದುಳು ಶಕ್ತಿ ಬಳಸೋ ಬಗೆ ಮೇಲೆ, ಪಿಎಚ್‌.ಡಿ. ಮಾಡಿದ್ರೆ ಸ್ಕೋಪ್ ಇದೆಯಾ?" ಅಂತ ಕೇಳಿದಾಗಲೆಲ್ಲ ನನಗೆ ನೆನಪಾಗೋದು ಇವರಿಬ್ಬರೇ.

ಕೆಟಿ ಫಿಲಡೆಲ್ಫಿಯಾದವರು. ಶುರು ಮಾಡಿದ್ದು ಸೀಸದ ವಿಷಬಾಧೆಯ ಚಿಕಿತ್ಸೆಯಿಂದ. ಯುದ್ಧದ ಕಾಲದಲ್ಲಿ ರಕ್ತ ಪರಿಚಲನೆಯ ಕಡೆ ಆಸಕ್ತಿ ತಿರುಗಿತು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಶ್ಮಿಟ್ ಜೊತೆ ಸೇರಿದರು. ಬದುಕಿರೋ, ಎಚ್ಚರವಿರೋ ಮನುಷ್ಯನ ಮಿದುಳಿಗೆ ನಿಮಿಷಕ್ಕೆ ಎಷ್ಟು ರಕ್ತ ಹರಿಯುತ್ತೆ ಅಂತ ಅಳೆಯೋಕೆ ಆಗ ನಂಬುವಂಥ ದಾರಿ ಇರಲಿಲ್ಲ. ಕೆಟಿ ಮಾಡಿದ್ದು ಇಷ್ಟು: ವ್ಯಕ್ತಿಗೆ 15% ನೈಟ್ರಸ್ ಆಕ್ಸೈಡ್ ಬೆರೆತ ಗಾಳಿಯನ್ನ ಹತ್ತು ನಿಮಿಷ ಉಸಿರಾಡಿಸೋದು. ಆ ಹೊತ್ತಿನಲ್ಲಿ ಒಂದು ಅಪಧಮನಿಯಿಂದಲೂ, ತಲೆಬುರುಡೆಯ ಬುಡದಲ್ಲಿ ಮಿದುಳಿನ ರಕ್ತವನ್ನ ಹೊರಗೆ ತರೋ ಕತ್ತಿನ ಅಭಿಧಮನಿಯಿಂದಲೂ ಮತ್ತೆ ಮತ್ತೆ ರಕ್ತ ತೆಗೆಯೋದು. ಒಳಗೆ ಹೋದ ಅನಿಲಕ್ಕೂ ಹೊರಗೆ ಬಂದ ಅನಿಲಕ್ಕೂ ಇರೋ ವ್ಯತ್ಯಾಸದಿಂದ ರಕ್ತದ ಹರಿವು ಲೆಕ್ಕಕ್ಕೆ ಸಿಗುತ್ತೆ. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 54 ಮಿಲಿಲೀಟರ್ ರಕ್ತ, 3.3 ಮಿಲಿಲೀಟರ್ ಆಮ್ಲಜನಕ. ದೇಹದ ತೂಕದಲ್ಲಿ 2% ಇರೋ ಮಿದುಳು ಆಮ್ಲಜನಕದಲ್ಲಿ ಸುಮಾರು 20% ಬಳಸುತ್ತೆ ಅಂತ ಇವತ್ತು ಪಾಠ ಮಾಡ್ತೀವಲ್ಲ, ಅದಕ್ಕೆ ಆಧಾರ ಈ ಅಳತೆ.

ಆದರೆ ಮುಂದೆ ಬಂದ ಫಲಿತಾಂಶಗಳು ನಿರಾಸೆಯವು. ಸ್ಕಿಜೋಫ್ರೇನಿಯಾ ಅನ್ನೋ ತೀವ್ರ ಮಾನಸಿಕ ಕಾಯಿಲೆ ಇರೋರ ಮಿದುಳೂ ಅಷ್ಟೇ ಆಮ್ಲಜನಕ ಬಳಸುತ್ತೆ ಅಂತ 1948ರಲ್ಲಿ ಗೊತ್ತಾಯ್ತು. 1955ರಲ್ಲಿ ಸೊಕೊಲಾಫ್ ಮತ್ತು ಸಂಗಡಿಗರು ಜನರಿಗೆ ಮನಸ್ಸಿನಲ್ಲೇ ಲೆಕ್ಕ ಮಾಡೋಕೆ ಹೇಳಿ ಅಳೆದರು. ಒಟ್ಟು ಬಳಕೆ ಏರಲೇ ಇಲ್ಲ. ಇವತ್ತಿನ ಯಾವುದೋ ಪ್ರಾಜೆಕ್ಟ್ ರಿವ್ಯೂ ಸಮಿತಿ ಮುಂದೆ ಇಂಥ ಫಲಿತಾಂಶ ಇಟ್ಟರೆ ಏನಾಗುತ್ತೆ ಅಂತ ಯೋಚಿಸಿ. ಇವರಿಗೆ ಮಾತ್ರ ಅದೇ ಮುಂದಿನ ದಾರಿ ತೋರಿಸಿತು: ಇಡೀ ಮಿದುಳಿನ ಮೊತ್ತ ಸಾಲದು, ಯಾವ ಭಾಗ ಎಷ್ಟು ಬಳಸುತ್ತೆ ಅಂತ ಬಿಡಿಬಿಡಿಯಾಗಿ ನೋಡಬೇಕು.

ಸೊಕೊಲಾಫ್ ಸೈನ್ಯದಲ್ಲಿ ಮನೋವೈದ್ಯರಾಗಿದ್ದು 1949ರಲ್ಲಿ ಕೆಟಿ ಪ್ರಯೋಗಾಲಯ ಸೇರಿದವರು. ಮೊದಲು ವಿಕಿರಣ ಗುರುತಿರೋ ಮಾಮೂಲಿ ಗ್ಲೂಕೋಸ್ ಬಳಸಿ ನೋಡಿದರು. ಅದು ಬೇಗ ಕಾರ್ಬನ್ ಡೈಆಕ್ಸೈಡ್ ಆಗಿ ಕೈತಪ್ಪಿ ಹೋಗ್ತಿತ್ತು. ಆಗ ಹಿಡಿದದ್ದು ಡಿಆಕ್ಸಿಗ್ಲೂಕೋಸ್ ಅನ್ನೋ ಸಕ್ಕರೆ. ಇದು ಗ್ಲೂಕೋಸ್ ಹಾಗೇ ಜೀವಕೋಶದೊಳಗೆ ಹೋಗುತ್ತೆ, ಹೆಕ್ಸೊಕೈನೇಸ್ ಕಿಣ್ವ ಅದಕ್ಕೂ ಒಂದು ಫಾಸ್ಫೇಟ್ ಸೇರಿಸುತ್ತೆ, ಮುಂದಿನ ಹೆಜ್ಜೆ ಇಡಲಾಗದೆ ಅಲ್ಲೇ ಉಳಿಯುತ್ತೆ. ಹೆಚ್ಚು ಕೆಲಸ ಮಾಡಿದ ಭಾಗದಲ್ಲಿ ಹೆಚ್ಚು ಉಳಿಯುತ್ತೆ. ಹೇಳೋಕೆ ಸುಲಭ. ಅದನ್ನ ನಂಬಲರ್ಹ ಸಂಖ್ಯೆಯಾಗಿಸೋಕೆ ಕಿಣ್ವಗಳ ವೇಗದ ಇಡೀ ಗಣಿತ ಕಟ್ಟಬೇಕಿತ್ತು. 1950ರ ದಶಕದ ಕೊನೆಗೆ ತಲೆಗೆ ಬಂದ ವಿಚಾರ ಪೂರ್ಣ ವಿಧಾನವಾಗಿ ಪ್ರಕಟವಾಗಿದ್ದು 1977ರಲ್ಲಿ.

ಒಂದು ಕಣ್ಣು ಮುಚ್ಚಿದ ಕೋತಿಗೆ ವಿಕಿರಣ ಗುರುತಿರೋ ಈ ಸಕ್ಕರೆ ಕೊಟ್ಟು, ಅದರ ಮಿದುಳಿನ ದೃಷ್ಟಿ ಭಾಗದ ತೆಳು ಸೀಳುಗಳನ್ನ ಎಕ್ಸ್‌ರೇ ಫಿಲ್ಮ್ ಮೇಲೆ ಇಟ್ಟಾಗ ಮೂಡಿದ ಚಿತ್ರವನ್ನ ನಾನು ಪ್ರತಿ ವರ್ಷ ತರಗತಿಯಲ್ಲಿ ತೋರಿಸ್ತೀನಿ. ಕಪ್ಪು ಪಟ್ಟಿ, ತಿಳಿ ಪಟ್ಟಿ, ಮತ್ತೆ ಕಪ್ಪು ಪಟ್ಟಿ. ತೆರೆದ ಕಣ್ಣಿನ ಪಾಲಿಗೆ ಬಂದ ಜೀವಕೋಶಗಳು ಸಕ್ಕರೆ ಬಳಸಿವೆ, ಮುಚ್ಚಿದ ಕಣ್ಣಿನವು ಕಡಿಮೆ ಬಳಸಿವೆ. ಹಿಂದಿನ ಬೆಂಚಿನವರೂ ಎದ್ದು ನೋಡ್ತಾರೆ. ಇದೇ ಸಕ್ಕರೆಗೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ರೂಪವನ್ನ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಿಸಿ, ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ತಂದು, 1976ರ ಆಗಸ್ಟ್‌ನಲ್ಲಿ ಮೊದಲ ಸಲ ಮನುಷ್ಯರಿಗೆ ಕೊಟ್ಟರು. ಆ ಫ್ಲೋರಿನ್ 110 ನಿಮಿಷಕ್ಕೆ ಅರ್ಧ ಆಗುತ್ತೆ, ಹಾಗಾಗಿ ಅಷ್ಟು ಆತುರ. 1981ರಲ್ಲಿ ಸೊಕೊಲಾಫ್‌ಗೆ ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್ ಬಂತು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು.

ಕೆಟಿಯವರ ಇನ್ನೊಂದು ನಡೆ ನನಗೆ ಬಹಳ ದೊಡ್ಡದು. 1951ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಾನಸಿಕ ಆರೋಗ್ಯ ಮತ್ತು ನರರೋಗ ವಿಭಾಗಗಳೆರಡರ ಮೊದಲ ವೈಜ್ಞಾನಿಕ ನಿರ್ದೇಶಕರಾದರು. 1956ರಲ್ಲಿ ಆ ಕುರ್ಚಿ ಬಿಟ್ಟು ಪ್ರಯೋಗಾಲಯಕ್ಕೆ ವಾಪಸ್ ಬಂದರು. ಟ್ರಿಟಿಯಂ ಅನ್ನೋ ವಿಕಿರಣ ಗುರುತು ಸೇರಿಸಿದ ಅಡ್ರಿನಲಿನ್ ತಮ್ಮ ಅಧ್ಯಯನಕ್ಕೆ ತರಿಸಿದ್ದಾಗ ಅದೇ ಸಂಸ್ಥೆಯ ಜೂಲಿಯಸ್ ಆಕ್ಸೆಲ್‌ರಾಡ್ ಅವರಿಗೂ ಅದರಲ್ಲಿ ಪಾಲು ಕೊಟ್ಟರು. ಆಕ್ಸೆಲ್‌ರಾಡ್ ಎಷ್ಟೋ ವರ್ಷ ಲ್ಯಾಬ್ ಸಹಾಯಕರಾಗಿ ದುಡಿದು, ನಲವತ್ತು ದಾಟಿದ ಮೇಲೆ ಪಿಎಚ್‌.ಡಿ. ಪಡೆದವರು. 1970ರಲ್ಲಿ ಅವರಿಗೆ ನೊಬೆಲ್ ಬಂತು.

ಇದೆಲ್ಲ ಅಮೆರಿಕದ ದುಡ್ಡಿನ ಕಥೆ ಅನ್ನೋರಿದ್ದಾರೆ. ದುಡ್ಡು ಇತ್ತು, ನಿಜ. ಆದರೆ ನಮ್ಮಲ್ಲೂ ಆಗಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿದ ವಿಜಯಲಕ್ಷ್ಮಿ ರವೀಂದ್ರನಾಥ್ ನಿಮ್ಹಾನ್ಸ್‌ನಲ್ಲಿ ಕೂತು ಕೇಸರಿ ಬೇಳೆಯ ವಿಷದ ಬೆನ್ನು ಹತ್ತಿದರು. ಆ ಬೇಳೆಯನ್ನೇ ನೆಚ್ಚಿಕೊಂಡು ಉಂಡ ಬಡವರ ಕಾಲು ಸೋಲುತ್ತಲ್ಲ, ಆ ಕಾಯಿಲೆ. ನರಕೋಶ ಸಾಯೋದಕ್ಕೆ ಮೊದಲೇ ಜೀವಕೋಶದಲ್ಲಿ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ 1 ಅನ್ನೋ ಕಿಣ್ವ ಕೆಡುತ್ತೆ, ಅಂದ್ರೆ ಮೊದಲ ಪೆಟ್ಟು ಶಕ್ತಿ ಉತ್ಪಾದನೆಗೇ ಬೀಳುತ್ತೆ ಅಂತ ಅವರ ತಂಡ ಇಲಿಗಳಲ್ಲಿ ತೋರಿಸಿತು. ಆಮೇಲೆ ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಕಟ್ಟಿದರು, ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವನ್ನೂ ಬೆಳೆಸಿದರು.

ಈ ಕ್ಷೇತ್ರದಲ್ಲಿ ಅವಸರ ಮಾಡೋಕೇ ಆಗಲ್ಲ. ಇಲಿಯ ಮಿದುಳಿಗೆ ರಕ್ತ ನಿಂತ ನಿಮಿಷದೊಳಗೆ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಕುಸಿಯುತ್ತೆ, ಆಮ್ಲಜನಕವಿಲ್ಲದೆ ಸಕ್ಕರೆ ಒಡೆದಾಗ ಉಳಿಯೋ ಲ್ಯಾಕ್ಟೇಟ್ ಏರುತ್ತೆ. ಮಿದುಳು ತೆಗೆಯುವ ಕೈ ಸ್ವಲ್ಪ ನಿಧಾನವಾದರೂ ಅಳತೆ ಸುಳ್ಳಾಗುತ್ತೆ. ಆ ಕೈ ಪಳಗೋಕೇ ವರ್ಷ ಬೇಕು. ಪಿಎಚ್‌.ಡಿ. ಮಾಡೋರಿಗೆ ಸರ್ಕಾರ ಕೊಡೋ ಜೆಆರ್‌ಎಫ್ ಫೆಲೋಶಿಪ್‌ನಲ್ಲಿ ಸಿಗೋದು ಒಟ್ಟು ಐದು ವರ್ಷ. ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಅದೂ ಎಷ್ಟೋ ಸಲ ತಡವಾಗಿ. ಪ್ರಾಜೆಕ್ಟ್ ಕೆಲಸಕ್ಕೆ ಸೇರಿದವರಿಗೆ ಅಷ್ಟೂ ಗ್ಯಾರಂಟಿ ಇಲ್ಲ. ನನ್ನ ಒಬ್ಬ ವಿದ್ಯಾರ್ಥಿನಿ ಮೈಟೊಕಾಂಡ್ರಿಯಾದ ಆಮ್ಲಜನಕ ಅಳತೆ ಸರಿಯಾಗಿ ಕೂರೋ ಹೊತ್ತಿಗೆ ಪ್ರಾಜೆಕ್ಟ್ ಮುಗಿದು ಮನೆಗೆ ಹೋದಳು. ಈಗ ಔಷಧ ಕಂಪನಿಯೊಂದರಲ್ಲಿ ದಾಖಲೆ ಬರೀತಾಳೆ. ಅವಳ ಕೈಯಲ್ಲಿದ್ದ ಕೌಶಲ ಆ ಲ್ಯಾಬಿನಲ್ಲಿ ಇನ್ನೊಬ್ಬರಿಗೆ ದಾಟಲಿಲ್ಲ. ನನಗೆ ಇದು ತಡೆಯಲಾಗದ ಸಂಕಟ.

ಹಾಗಾಗಿ ಅನುದಾನ ಕೊಡೋರಿಗೆ ನನ್ನ ಬೇಡಿಕೆ ಸ್ಪಷ್ಟ. ಹೊಸ ಅಳತೆಯ ವಿಧಾನ ಕಟ್ಟೋ ಕೆಲಸಕ್ಕೆ ಹತ್ತು ವರ್ಷದ ನೆರವು ಬೇರೆಯಾಗಿಯೇ ಇರಲಿ, ಪೇಪರ್ ಎಣಿಸೋದನ್ನ ಅಲ್ಲಿ ನಿಲ್ಲಿಸಿ, ಪಳಗಿದ ಕೈಗಳಿಗೆ ಖಾಯಂ ಹುದ್ದೆ ಕೊಡಿ. ಇನ್ನು ಮಕ್ಕಳೇ, ಗೈಡ್ ಹುಡುಕುವಾಗ ಲ್ಯಾಬಿನ ಹೆಸರು ನೋಡಿ ಸೇರಬೇಡಿ. ಅಲ್ಲಿನ ಸೀನಿಯರ್‌ಗಳನ್ನ ಕ್ಯಾಂಟೀನಿಗೆ ಕರೆದು ಕೇಳಿ: ಒಂದು ವರ್ಷ ಫಲಿತಾಂಶ ಬರದಿದ್ದಾಗ ನಿಮ್ಮ ಸರ್, ಮೇಡಂ ಏನಂದ್ರು?