ಮನೆಗೆ ಬಿರುಕು, ಊರಿಗೆ ನಾಮಕರಣ

ಉತ್ತರಾಖಂಡದ ಬೆಟ್ಟದೂರು ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರಿದವು; ಅಲುಗದೆ ನಿಂತಿರುವುದು ಜನಸಂಖ್ಯೆ ಒಂದೇ. 2011ರ ಗಣತಿಯಲ್ಲಿ 16,709 ಅಂತ ಬರೆದರು, ಆಮೇಲೆ ವರ್ಷಗಟ್ಟಲೆ ಅದೇ ಲೆಕ್ಕ. ಎಷ್ಟು ತೊಟ್ಟಿಲು ತೂಗಿದವು, ಎಷ್ಟು ಮಂದಿ ಗಂಟುಮೂಟೆ ಕಟ್ಟಿ ಡೆಹ್ರಾಡೂನಿಗೆ ಇಳಿದರು, ಕಡತ ಕೇಳುವುದಿಲ್ಲ. 2021ರ ಗಣತಿಯನ್ನು ಕೊರೋನಾ ನುಂಗಿತು. ಉತ್ತರಾಖಂಡದ ಹಿಮಪ್ರದೇಶಕ್ಕೆ ಗೊತ್ತುಮಾಡಿದ ಹೊಸ ಮುಹೂರ್ತ 2026ರ ಅಕ್ಟೋಬರ್ 1.

ಅಷ್ಟರಲ್ಲಿ ಸರ್ಕಾರವೇನು ಕೈಕಟ್ಟಿ ಕೂತಿರಲಿಲ್ಲ. 2024ರಲ್ಲಿ ತಾಲ್ಲೂಕಿಗೆ 'ಜ್ಯೋತಿರ್ಮಠ' ಎಂದು ನಾಮಕರಣ ಮಾಡಿತು. ತಕರಾರಿಲ್ಲ. ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿಯಾದರೆ ಉತ್ತರದ್ದು ಇದು. ಜನರ ಬಾಯಲ್ಲಿ ಸವೆದು ಜೋಶಿಮಠವಾಗಿತ್ತು. ಸವೆದ ಹೆಸರು ರಿಪೇರಿಯಾಯಿತು. ಸವೆದ ನೆಲದ ಪಾಳಿ ಆಗಿನ್ನೂ ಬಂದಿರಲಿಲ್ಲ.

ಆ ನೆಲ ಎಂದರೆ ಯಾವುದೋ ಕಾಲದ ಭೂಕುಸಿತದ ರಾಶಿ. ದೊಡ್ಡ ಬಂಡೆಗಳು, ಸಂದಿಯಲ್ಲಿ ಸಡಿಲ ಮಣ್ಣು. ನೀರಿಳಿದರೆ ನುಣ್ಣನೆಯ ಮಣ್ಣು ತೊಳೆದುಹೋಗುತ್ತದೆ, ಬಂಡೆ ಕೂರುತ್ತದೆ, ಮೇಲಿನ ಗೋಡೆ ಬಾಯಿ ಬಿಡುತ್ತದೆ. ನೀರಿಗೇನು ಬರ? ಬಚ್ಚಲಿನದ್ದು, ಕಕ್ಕಸಿನದ್ದು ಇಂಗುಗುಂಡಿಗೆ, ಮಳೆಯದ್ದು ಸಿಕ್ಕ ದಾರಿಗೆ. ಬುಡದಲ್ಲಿ ಅಲಕನಂದೆ ಇಳಿಜಾರನ್ನು ಕೊರೆಯುತ್ತಿದ್ದಾಳೆ. 1976ರಲ್ಲೇ ಸರ್ಕಾರ ನೇಮಿಸಿದ ಮಿಶ್ರಾ ಸಮಿತಿ ಬರೆದುಕೊಟ್ಟಿತ್ತು: ಬಂಡೆ ಕೀಳಬೇಡಿ, ಸಿಡಿಮದ್ದು ಇಡಬೇಡಿ, ಮರ ಕಡಿಯಬೇಡಿ, ಭಾರಿ ಕಟ್ಟಡ ಬೇಡ, ಚರಂಡಿ ಮಾಡಿ. ಬೇಡ ಎಂದದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿದರು. ಮಾಡಿ ಎಂದ ಚರಂಡಿಯೊಂದು ಅರೆಬರೆಯಾಯಿತು. 2009ರಲ್ಲಿ 520 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆಯ ಸುರಂಗ ಕೊರೆಯುವ ಯಂತ್ರ ಹತ್ತಿರದಲ್ಲೇ ನೆಲದೊಳಗಿನ ಸೆಲೆ ಒಡೆದು ಸಿಕ್ಕಿಕೊಂಡಿತು. ಸುರಂಗ ಊರಿನ ಕೆಳಗೆ ಹಾದಿಲ್ಲ ಎನ್ನುತ್ತದೆ ಕಂಪನಿ. ಸರಿ ಸ್ವಾಮಿ.

ಗೋಡೆ ಸರಿಯುತ್ತಿದೆಯೇ ಎಂದು ತಿಳಿಯಲು ಪದವಿ ಬೇಡ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಹೊರಟಿದೆ. ಇಸ್ರೊ ಇದನ್ನೇ ಆಕಾಶದಿಂದ ನೋಡಿತು: 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರವರೆಗೆ 5.4 ಸೆಂಟಿಮೀಟರ್ ಕುಸಿತ. ವರದಿ ಪ್ರಕಟವಾದ ಬೆನ್ನಿಗೇ ಮಾಯ! ಮಾಧ್ಯಮದ ಮುಂದೆ ಬಾಯಿ ಬಿಡಬೇಡಿ ಎಂದು ಸಂಸ್ಥೆಗಳಿಗೆ ವಿಪತ್ತು ಪ್ರಾಧಿಕಾರದ ಪತ್ರ. ಕುಸಿತವನ್ನು ಪರೀಕ್ಷಿಸಿದ ಎಂಟು ಸಂಸ್ಥೆಗಳ ವರದಿ ಹೊರಬರಲು ಹೈಕೋರ್ಟೇ ಗದರಬೇಕಾಯಿತು.

ಊರಿನ ನರಸಿಂಹ ದೇವಸ್ಥಾನದ್ದೇ ಬೇರೆ ಕಥೆ. ಮೂರ್ತಿಯ ತೋಳು ಸಣ್ಣಗಾಗುತ್ತ ಹೋಗುತ್ತದಂತೆ. ಕಳಚಿ ಬಿದ್ದ ದಿನ ಬೆಟ್ಟಗಳು ಕೂಡಿಕೊಂಡು ಬದರಿಯ ದಾರಿ ಮುಚ್ಚಿ, ಪೂಜೆ ಭವಿಷ್ಯಬದರಿ ಎಂಬ ಇನ್ನೊಂದು ಗುಡಿಗೆ ಹೋಗುತ್ತದಂತೆ. ಸ್ಥಳಪುರಾಣಕ್ಕೆ ಇರುವ ಮುಂದಾಲೋಚನೆ ನೋಡಿ: ದೇವರ ಪುನರ್ವಸತಿಗೆ ಜಾಗ ಮೊದಲೇ ಗೊತ್ತು.

ಮನುಷ್ಯರಿಗೆ? 868 ಕಟ್ಟಡ ಬಿರಿದವು, 181 ಅಪಾಯದ ವಲಯದಲ್ಲಿ. ಜನವರಿಯ ಚಳಿಯಲ್ಲಿ ಬಾಗಿಲಿಗೆ ಕೆಂಪು ಅಡ್ಡಗೀಟು ಎಳೆದು, ಮುದುಕರು ಮಕ್ಕಳನ್ನು ಶಾಲೆಯ ಕೋಣೆ, ಲಾಡ್ಜುಗಳಿಗೆ ಸಾಗಿಸಿದರು. ಗೊತ್ತಿತ್ತು ರೀ ಸರ್ಕಾರಕ್ಕೆ. 47 ವರ್ಷದಿಂದ ಗೊತ್ತಿತ್ತು.