ಎಡಗೈಯಲ್ಲಿ ಫೋರ್ಕ್, ಬಲಗೈಯಲ್ಲಿ ಲ್ಯಾಮಿನೇಶನ್

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ-ಸಿದ್ದಾಪುರದವರೆಗೆ, ಪರದೇಶದಲ್ಲಿ ಒಬ್ಬನಾದರೂ ದುಡಿಯದ ಕೇರಿ ಹುಡುಕುವುದು ಕಷ್ಟ. ಹೀಗೆ ಹೊರಟವರನ್ನು ಅಲ್ಲಿನ ಬದುಕಿಗೆ ಹೊಂದಿಸುವುದೇ ಈಗೊಂದು ಉದ್ಯೋಗ. ಕಂಪನಿಯವರು ಎರಡು ತಾಸಿನ ಆನ್‌ಲೈನ್ ತರಗತಿ ಇಡುತ್ತಾರೆ. ಟೈ ಕಟ್ಟಿದ ತರಬೇತುದಾರ 'ಕಲ್ಚರ್ ಶಾಕ್'ನ ನಾಲ್ಕು ಹಂತಗಳ ಸ್ಲೈಡ್ ಹಾಕುತ್ತಾನೆ: ಮೊದಲು ಹನಿಮೂನ್, ಆಮೇಲೆ ಕಿರಿಕಿರಿ, ಆಮೇಲೆ ಹೊಂದಾಣಿಕೆ, ಕೊನೆಗೆ ಒಗ್ಗಿಹೋಗುವುದು. ನಮ್ಮ ಕಡೆ ಮದುವೆಯಾದ ಯಾರಿಗೂ ಇದಕ್ಕೆ ಸ್ಲೈಡ್ ಬೇಕಿಲ್ಲ. ನಂತರ ಎಡಗೈಯಲ್ಲಿ ಫೋರ್ಕ್, ಬಲಗೈಯಲ್ಲಿ ಚಾಕು, ಕೈ ಕುಲುಕುವಾಗ ಎಷ್ಟು ಒತ್ತಬೇಕು, ವೈನ್ ಲೋಟವನ್ನು ಎಲ್ಲಿ ಹಿಡಿಯಬೇಕು. ಹುಡುಗ ಹೋಗುವುದು ರಾತ್ರಿಪಾಳಿಯ ಗೋದಾಮಿಗೆ. ಇರಲಿ, ಅಡ್ಡಿಲ್ಲೆ. ಊರಲ್ಲಿ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಬಸ್‌ಸ್ಟ್ಯಾಂಡ್ ಎದುರು ಫ್ಲೆಕ್ಸ್ ಕಟ್ಟಿ, 'ಅಲ್ಲಿ ಅಡ್ಜಸ್ಟ್ ಮಾಡ್ಕೊ' ಎಂದರೆ ಸಿದ್ಧತೆ ಮುಗಿಯಿತು.

ಸ್ಲೈಡಿನಲ್ಲಿ ಇಲ್ಲದ್ದನ್ನು ನೋಡೋಣ. ಮಗ ಪದವಿ ಮುಗಿಸಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಮಾಣಪತ್ರ ಕೈಗೆ ಬಂದ ದಿನವೇ ಅಪ್ಪ ಅದನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಶನ್ ಮಾಡಿಸುತ್ತಾನೆ. ನಮ್ಮ ಮಳೆಗಾಲ ಕಂಡವರು ಅವನನ್ನು ಬಯ್ಯಲಾರರು. ಇಲ್ಲಿ ಬೂಸ್ಟು ಹಿಡಿಯದ್ದು ಸಾಲದ ಪತ್ರ ಮಾತ್ರ. ಆದರೆ ಯುಎಇ ಕೆಲಸಕ್ಕೆ ಇದೇ ಪತ್ರದ ಬೆನ್ನ ಮೇಲೆ ಮುದ್ರೆ ಬೀಳಬೇಕು. ಮೊದಲು ರಾಜ್ಯ ಸರ್ಕಾರದ್ದು, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯದ್ದು. ಪ್ಲಾಸ್ಟಿಕ್ ಮೇಲೆ ಮುದ್ರೆ ನಿಲ್ಲುವುದಿಲ್ಲ. ಇಸ್ತ್ರಿಪೆಟ್ಟಿಗೆ ಇಟ್ಟು ಬಿಸಿಮಾಡಿ ಸುಲಿಯಲು ಹೋದರೆ ಅಕ್ಷರಗಳೂ ಪ್ಲಾಸ್ಟಿಕ್‌ಗೆ ಅಂಟಿಕೊಂಡೇ ಎದ್ದುಬರುತ್ತವೆ, ಕುಲಪತಿಗಳ ಸಹಿ ಸಮೇತ. ಉಳಿದ ದಾರಿ ಡೂಪ್ಲಿಕೇಟ್ ಪ್ರತಿಗೆ ಅರ್ಜಿ ಹಾಕಿ ಕಾಯುವುದು. ವಿಚಿತ್ರವೆಂದರೆ ಈ ಸರಪಳಿಯಲ್ಲಿ ಎರಡನೆಯವನು ಮೊದಲನೆಯವನ ಸಹಿ ನೋಡುತ್ತಾನೆ, ಮೂರನೆಯವನು ಎರಡನೆಯವನದ್ದು. ಹುಡುಗನಿಗೆ ಲೆಕ್ಕ ಬರೆಯಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಅದೇ ಒಮಾನ್‌ಗೆ ಹೋಗುವವನು ಇಷ್ಟು ಕಂಬ ಸುತ್ತಬೇಕಿಲ್ಲ. ಒಂದು ದೇಶದ ದೃಢೀಕರಣವನ್ನು ಇನ್ನೊಂದು ದೇಶ ಒಪ್ಪುವ ಹೇಗ್ ಒಪ್ಪಂದದಲ್ಲಿ ಒಮಾನ್ ಇದೆ, ಭಾರತವೂ 2005ರಿಂದ ಇದೆ. ಅಪೋಸ್ಟಿಲ್ ಎಂಬ ಒಂದು ಚೀಟಿ ಅಂಟಿದರೆ ರಾಯಭಾರ ಕಚೇರಿಯ ಬಾಗಿಲು ಬಡಿಯಬೇಕಿಲ್ಲ. ಆ ಚೀಟಿಗೆ ಸರ್ಕಾರಿ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ, ಜೊತೆಗೆ ಅರ್ಜಿ ಒಯ್ಯುವ ಸಂಸ್ಥೆಯ ಸೇವಾಶುಲ್ಕ. ನಮ್ಮ ಏಜೆಂಟನಿಗೆ ಮಾತ್ರ ಗಲ್ಫ್ ಎಲ್ಲ ಒಂದೇ, ದರವೂ ಒಂದೇ.

ಏಜೆಂಟನ ಮಾತು ಬಂದಿತಲ್ಲ, 1983ರ ವಲಸೆ ಕಾಯ್ದೆಯ ಕರುಣೆಯನ್ನೂ ನೋಡಿಬಿಡಿ. ಎಸ್ಸೆಸ್ಸೆಲ್ಸಿ ಪಾಸಾಗದವನ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕು ಎಂಬ ಗುರುತು ಬೀಳುತ್ತದೆ. ಅವನು ಗಲ್ಫ್, ಮಲೇಷ್ಯಾ ಮುಂತಾದ 18 ದೇಶಗಳಿಗೆ ದುಡಿಯಲು ಹೋಗುವುದಾದರೆ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್ ಮೂಲಕ ಅನುಮತಿ ಬೇಕು, ವಿಮೆ ಬೇಕು. ವಿಮೆ ಒಳ್ಳೆಯದೇ: ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಇಪ್ಪತ್ತು ವರ್ಷ ಕಲ್ಲು ಕಟ್ಟಿ ನುರಿತ ಹೊನ್ನಾವರದ ಮೇಸ್ತ್ರಿಗೆ ಈ ರಕ್ಷಣೆ ಕಡ್ಡಾಯ. ಮೊನ್ನೆ ಹತ್ತನೇ ತರಗತಿ ಪಾಸಾಗಿ, ಕರಣೆ ಹಿಡಿದೇ ನೋಡದ ಅವನ ಅಳಿಯನಿಗೆ ಬೇಕಿಲ್ಲ. ಪಾಸ್ ಅಂಕ ಅವನನ್ನು ಕಾಯುತ್ತದೆ. ಮೇಸ್ತ್ರಿಗೂ 50 ದಾಟಿದರೆ ಬೇಕಿಲ್ಲ, ಆ ಹುಟ್ಟುಹಬ್ಬದಂದು ಲೋಕಜ್ಞಾನ ತಾನಾಗಿ ಇಳಿಯುತ್ತದೆ. ಅನುಮತಿಯ ಕೆಲಸ ತಾಪತ್ರಯ ಎಂದು ಏಜೆಂಟ್ ವಿಸಿಟ್ ವೀಸಾದಲ್ಲಿ ಹತ್ತಿಸುತ್ತಾನೆ. ಪ್ರವಾಸಿಗೆ ಈ ಅನುಮತಿ ಬೇಕಿಲ್ಲವಲ್ಲ. ಹೀಗೆ ಕರಣೆ, ಮಟ್ಟಗೋಲು, ತೂಗುಗುಂಡು ಚೀಲದಲ್ಲಿಟ್ಟುಕೊಂಡು ಮೇಸ್ತ್ರಿ ಬುರ್ಜ್ ಖಲೀಫಾ ನೋಡಲು ಹೊರಡುತ್ತಾನೆ. ನೋಂದಾಯಿತ ಏಜೆಂಟ್ ಕಾನೂನಿನಂತೆ ಪಡೆಯಬಹುದಾದದ್ದು ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಈ ಅಂಕಿಯನ್ನು ಏಜೆಂಟನ ಎದುರು ಹೇಳಿ ನೋಡಿ, ಅವನೂ ಪ್ರವಾಸಿಯ ಮುಖ ಮಾಡುತ್ತಾನೆ.

ಕರಾರುಪತ್ರದಲ್ಲಿ ಎಲ್ಲರೂ ಓದುವುದು ಕೆಳಗಿನ ಒಟ್ಟು ಮೊತ್ತ. 'ಮೂರು ಸಾವಿರ ದಿರ್ಹಮ್ ಅಂತೆ!' ಅದರಲ್ಲಿ ಬೇಸಿಕ್ 1200, ಉಳಿದದ್ದು ವಸತಿ, ಸಾರಿಗೆ, 'ಇತರೆ'. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ, ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕದಲ್ಲಿ. 1200ಕ್ಕೆ ವರ್ಷಕ್ಕೆ 840 ದಿರ್ಹಮ್. ಮೂರು ಸಾವಿರವೂ ಬೇಸಿಕ್ ಆಗಿದ್ದರೆ 2100. ಫೋರ್ಕ್ ಹಿಡಿಯಲು ಕಲಿಸಿದವನು ಈ ಭಾಗಾಕಾರ ಕಲಿಸಲಿಲ್ಲ.

ಇನ್ನು ಚೀಲ. ಹೊರಡುವ ಹಿಂದಿನ ರಾತ್ರಿ ಅಜ್ಜಿ, ಅತ್ತೆ, ಚಿಕ್ಕಮ್ಮ ಕೂಡಿ ತುಂಬುವ ಚೀಲದಲ್ಲಿ ಅರ್ಧ ಸಾಮಾನು ಅಪರಾಧ, ಕಾಲು ಭಾಗ ಸ್ಫೋಟಕ. ಪಾಯಸಕ್ಕೆಂದು ಕಟ್ಟಿದ ಗಸಗಸೆ ಅಫೀಮು ಗಿಡದ ಬೀಜ. ಯುಎಇ, ಸೌದಿಯಲ್ಲಿ ಅದು ಮಾದಕವಸ್ತು, ಸಿಕ್ಕಿಬಿದ್ದರೆ ಪಾಯಸ ಜೈಲಿನಲ್ಲಿ. ಕವಳ ಹಾಕುವವರು ವೀಳ್ಯದೆಲೆಯನ್ನೂ ಇಲ್ಲೇ ಬಿಡಬೇಕು, ದುಬೈ ಕಸ್ಟಮ್ಸ್ ಅದನ್ನೂ ಬಿಡುವುದಿಲ್ಲ. ಒಣಕೊಬ್ಬರಿ ವಿಮಾನದ ಭಾಷೆಯಲ್ಲಿ ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತು. ವಿಮಾನ ನಿಲ್ದಾಣದ ಸ್ಕ್ಯಾನರ್ ಎದುರು ಅದು ಚೀಲ ಬಿಚ್ಚಿಸಬಹುದು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ. ದೊಡ್ಡ ಚೀಲದಲ್ಲಿಟ್ಟರೂ ಬಾಟಲಿಯ ಕುತ್ತಿಗೆಯವರೆಗೆ ತುಂಬಬೇಡಿ, ಹುದುಗುವಾಗ ಏಳುವ ಗಾಳಿಗೆ ಜಾಗ ಬೇಕು. ಇಲ್ಲದಿದ್ದರೆ ಮೊದಲ ದಿನದ ಬಿಳಿ ಅಂಗಿ ನೀವು ಯಾವ ಊರಿನವರು ಎಂದು ತಾನೇ ಹೇಳುತ್ತದೆ. ತೆಳು ಹಾಳೆಯಂಥ ಸಿಹಿ ತೊಡೆದೇವು ಮಾತ್ರ ನಿರಪರಾಧಿ. ಅದು ಪುಡಿಯಾಗಿ ತಲುಪುತ್ತದೆ, ಅಷ್ಟೇ.

ಜರ್ಮನಿಗೆ ಹೊರಟ ಶಿರಸಿಯ ಸಾಫ್ಟ್‌ವೇರ್ ಹುಡುಗನ ಕಥೆ ಬೇರೆ. ಅಲ್ಲಿ ಮನೆಗೆ ನಂಬರ್ ಇರುತ್ತದೆ, ಕಟ್ಟಡದೊಳಗಿನ ಫ್ಲ್ಯಾಟಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅಂಚೆಯವನು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾನೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ನಮ್ಮಲ್ಲಿ 'ಕಾನಗೋಡ ಹತ್ತಿರ, ಭಟ್ರ ಮನೆ' ಎಂದು ಬರೆದರೂ ಮುಟ್ಟುತ್ತಿತ್ತು ಎಂಬ ಧೈರ್ಯದಲ್ಲಿ ಹುಡುಗ ಚೀಟಿ ಅಂಟಿಸುವುದಿಲ್ಲ. ಮನೆ ಸೇರಿ ಎರಡು ವಾರದೊಳಗೆ ನಗರಾಡಳಿತದಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮಾಲೀಕನ ದೃಢೀಕರಣ ಬೇಕು. ದೊಡ್ಡ ಊರಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ವಾರಗಳ ನಂತರ. ನೋಂದಾಯಿಸಿದ ಮೇಲೆ ತೆರಿಗೆ ಸಂಖ್ಯೆ ಬರುವುದು ಅಂಚೆಯಲ್ಲೇ, ಅದೇ ಹೆಸರಿಲ್ಲದ ಪೆಟ್ಟಿಗೆಗೆ. ಸಂಖ್ಯೆ ಕೊಡದೇ ಇದ್ದರೆ ಸಂಬಳದಿಂದ ತೆರಿಗೆ ಮುರಿಯುವುದು ಅತಿ ದುಬಾರಿ ವರ್ಗದಲ್ಲಿ. ಮನೆಯಲ್ಲಿ ಟಿವಿ ಇಲ್ಲ ಎಂದರೂ ಪ್ರಸಾರ ಶುಲ್ಕ ತಿಂಗಳಿಗೆ 18.36 ಯೂರೋ ಕಟ್ಟಬೇಕು; ಆ ನೋಟಿಸು ಮಾತ್ರ ಹೇಗೋ ಮುಟ್ಟುತ್ತದೆ.

ಬಾಡಿಗೆ ಮನೆಯಲ್ಲಿ ಅಡುಗೆಕಟ್ಟೆ ಇಲ್ಲದಿರಬಹುದು. ಹಿಂದಿನವರು ಸಿಂಕನ್ನೂ ಕಳಚಿಕೊಂಡು ಹೋಗಿರುತ್ತಾರೆ. ಕಸಕ್ಕೆ ನಾಲ್ಕು ಡಬ್ಬಿ: ಕಾಗದ, ಹಸಿ ಕಸ, ಪ್ಯಾಕಿಂಗ್, ಉಳಿದದ್ದು. ಗಾಜಿಗೆ ಬೀದಿ ತುದಿಯ ಪೆಟ್ಟಿಗೆ, ಅದರಲ್ಲೂ ಬಿಳಿ, ಕಂದು, ಹಸಿರು ಬೇರೆ ಬೇರೆ, ಭಾನುವಾರ ಹಾಕುವಂತಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ ಕಸವೇ ಅಲ್ಲ, ಅಂಗಡಿಯ ಯಂತ್ರಕ್ಕೆ ಕೊಟ್ಟರೆ 25 ಸೆಂಟ್ ವಾಪಸ್. ಭಾನುವಾರ ಬೆಳಗ್ಗೆ ಮಿಕ್ಸರ್‌ನಲ್ಲಿ ಕಾಯಿ ಬೀಸಿದರೆ ಕೆಳಗಿನ ಮನೆಯಾಕೆ ಬಾಗಿಲಿಗೆ ಬರುತ್ತಾಳೆ. ತಂಬುಳಿಯ ಒಗ್ಗರಣೆಗೆ ಸಾಸಿವೆ, ಒಣಮೆಣಸು ಚಟಪಟ ಎಂದರೆ ಛಾವಣಿಯ ಹೊಗೆಗಂಟೆ ಕೂಗುತ್ತದೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಒಗ್ಗರಣೆಗೂ ಮೊದಲು ಬಾಟಲಿಗೆ ಬಿಸಿನೀರಿನ ಸ್ನಾನ. ಕಲ್ಚರ್ ಶಾಕ್‌ನ ಎರಡನೇ ಹಂತ ಎಂದು ಸ್ಲೈಡಿನಲ್ಲಿ ತೋರಿಸಿದ್ದು ಬಹುಶಃ ಇದನ್ನೇ, ಆದರೆ ಸ್ಲೈಡಿನಲ್ಲಿ ಬಾಟಲಿ ಇರಲಿಲ್ಲ.

ಇಷ್ಟೆಲ್ಲ ಒಗ್ಗಿದ ಮೇಲೂ ಹೊಂದಿಕೊಳ್ಳಲಾಗದ ದೇಶ ಒಂದಿದೆ, ಅದು ಬಿಟ್ಟುಬಂದದ್ದು. ಅನಿವಾಸಿಯಾದ ಕೂಡಲೇ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿ ಖಾತೆಯಾಗಿ ಬದಲಿಸಬೇಕೆಂಬುದು ನಿಯಮ. ಶಾಖೆಯವರು 'ಖುದ್ದಾಗಿ ಬನ್ನಿ' ಎನ್ನುತ್ತಾರೆ. ಆನ್‌ಲೈನ್ ಮಾಡೋಣವೆಂದರೆ ಓಟಿಪಿ ಬೇಕು. ಓಟಿಪಿ ಬರುವ ಸಿಮ್ ಅಪ್ಪನ ಫೋನಿನ ಎರಡನೇ ಕಿಂಡಿಯಲ್ಲಿದೆ. 90 ದಿನ ಬಳಸದೆ ಬಿಟ್ಟರೆ ನಂಬರೇ ಕೈತಪ್ಪಬಹುದೆಂದು ಅದಕ್ಕೆ ಕಾಲಕಾಲಕ್ಕೆ ರೀಚಾರ್ಜ್. ಜರ್ಮನಿಯಲ್ಲಿ ಕೆಲಸ ಮುಗಿಸಿ ರಾತ್ರಿ 8ಕ್ಕೆ ಕೂತರೆ ಬೇಸಿಗೆಯಲ್ಲಿ ಇಲ್ಲಿ 11:30, ಚಳಿಗಾಲದಲ್ಲಿ 12:30. ಮಳೆ ಹಿಡಿದರೆ ಕರೆಂಟಿಲ್ಲ, ಟವರಿನ ಬ್ಯಾಟರಿ ಮುಗಿದಿದೆ, ಸಿಗ್ನಲ್ ಇರುವುದು ಗುಡ್ಡದ ನೆತ್ತಿಯಲ್ಲಿ, ಓಟಿಪಿಯ ಆಯುಷ್ಯ 5ರಿಂದ 10 ನಿಮಿಷ. ಛತ್ರಿ, ಟಾರ್ಚು, ಕಾಲಿಗೆ ಹತ್ತುವ ಉಂಬಳಕ್ಕೆ ಸುಣ್ಣ ಹಿಡಿದು ಗುಡ್ಡ ಹತ್ತಿದ ಅಪ್ಪ ನಿವೃತ್ತ ಕನ್ನಡ ಶಾಲೆ ಮಾಸ್ತರು. ಸಂದೇಶ ಬರುತ್ತದೆ. ಮಾಸ್ತರರು ಪೂರ್ತಿ ಓದುತ್ತಾರೆ, ಕೊನೆಯ ಸಾಲಿನಲ್ಲಿ 'ಇದನ್ನು ಯಾರಿಗೂ ಹೇಳಬೇಡಿ' ಎಂದು ಬ್ಯಾಂಕೇ ಬರೆದಿದೆ. ನಲವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದವರು. ಹೇಳುವುದಿಲ್ಲ.